ಆಂಬುಲೆನ್ಸಿನಲ್ಲಿ ಸ್ವಂತ ವಾಕ್ಯ ನಿಷಿದ್ಧ

ಕುಂದಾಪುರದ ಆಂಬುಲೆನ್ಸಿನಲ್ಲಿ ನರ್ಸಾಗಿ ಕೂತವಳಿಗೆ ನಗು ಬರುವುದು ಯಾವಾಗಲೂ ನಗಬಾರದ ಹೊತ್ತಿನಲ್ಲೇ. ನಮ್ಮ ದಾಖಲೆಗೆ ಸಿದ್ಧಪದಗಳ ಪಟ್ಟಿ ಬಂದ ಮೇಲಂತೂ ಕೇಳುವುದೇ ಬೇಡ. ನೋವು, ಭಯ, ಜ್ಞಾನದ ಕೊರತೆ, ಹೀಗೆ ಪಟ್ಟಿಯಲ್ಲಿರುವ ಪದವನ್ನೇ ಬರೆಯಬೇಕು. "ಸ್ವಂತ ವಾಕ್ಯ ಬರೆದವರಿಗೆ ರೋಗಿಯ ಜೊತೆ ಹೋಗುವ ವಿಮಾನದ ಡ್ಯೂಟಿ ಇಲ್ಲ," ಎಂದು ಹೆಡ್ ಸಿಸ್ಟರ್ ಹೇಳಿಬಿಟ್ಟರು. ನನಗೋ ವಿಮಾನ ಹತ್ತುವ ಹುಚ್ಚು. ಪಟ್ಟಿಯನ್ನು ಬಾಯಿಪಾಠ ಮಾಡಿದೆ.

ಹತ್ತಕ್ಕೆ ಎಷ್ಟು?

ಅಮಾಸೆಬೈಲಿನಲ್ಲಿ ಮರದಿಂದ ಬಿದ್ದು ತೊಡೆ ಮುರಿದುಕೊಂಡವರೊಬ್ಬರನ್ನು ಕರೆತರುತ್ತಿದ್ದೆವು. ಹೊಂಡ ಬಂದಾಗಲೆಲ್ಲ ಪಾಪ, ಹಲ್ಲು ಕಚ್ಚುತ್ತಿದ್ದರು.

"ನೋವ್ ಹ್ಯಾಂಗಿತ್ತ್?" ಎಂದೆ.

"ಅಡ್ಡಿಲ್ಲೆ."

ನಮ್ಮೂರಲ್ಲಿ ಮದುವೆಯೂಟಕ್ಕೂ ಮುರಿದ ಕಾಲಿಗೂ ಅದೇ ಉತ್ತರ. ಪಟ್ಟಿಗೆ ನೋವಿನ ಅಂಕಿ ಬೇಕು. "ಹತ್ತಕ್ಕೆ ಎಷ್ಟ್ ಕೊಡ್ತ್ರಿ?"

"ನೀವ್ ಎಷ್ಟ್ ಕೊಟ್ರೂ ಅಡ್ಡಿಲ್ಲೆ ಅಮ್ಮ, ಪಾಸ್ ಆರೆ ಸಾಕ್."

ಮಾಸ್ಟ್ರಿಗೆ ಕೊರತೆ

ಬ್ರಹ್ಮಾವರದ ನಿವೃತ್ತ ಹೆಡ್‌ಮಾಸ್ಟರರಿಗೆ ಸಕ್ಕರೆ ಕಾಯಿಲೆ. ಹಲಸಿನ ಹಣ್ಣಿನ ಕಡುಬು ತಿಂದು ತಲೆ ತಿರುಗಿ ಬಿದ್ದಿದ್ದರು. "ಕಡುಬಲ್ ಇದ್ದದ್ ಬೆಲ್ಲ, ಸಕ್ರಿ ಅಲ್ಲ," ಎಂದು ವಾದಿಸಿದರು. ಕಾಯಿಲೆಯ ಬಗ್ಗೆ ತಿಳಿಯದವರಿಗೆ ಪಟ್ಟಿ ಹೇಳುವಂತೆ ನಾನು 'ಜ್ಞಾನದ ಕೊರತೆ' ಎಂದು ಬರೆದೆ. ಮಲಗಿದ್ದಲ್ಲಿಂದಲೇ ಓದಿಬಿಟ್ಟರು.

"ಹ್ವಾಯ್, ಇಡೀ ಬ್ರಹ್ಮಾವರಕ್ಕೆ ಪಾಠ ಹೇಳ್ದವ ನಾನ್. ಯಾರಿಗೆ ಕೊರತೆ?"

ಆಸ್ಪತ್ರೆ ತಲುಪುವಷ್ಟರಲ್ಲಿ ಅವರ ಬಿ.ಪಿ. ಏರಿತ್ತು. ಅದಕ್ಕೂ ಪಟ್ಟಿಯಲ್ಲಿ ಪದವಿತ್ತು. ಕಾರಣಗಳಲ್ಲಿ ಮಾತ್ರ ಎಷ್ಟು ಹುಡುಕಿದರೂ 'ನರ್ಸು' ಸಿಗಲಿಲ್ಲ.

ಕೊನೆಗೂ ವಿಮಾನ

ಬೈಂದೂರು ಕಡೆಯ ಅಜ್ಜ, ಜೀವಮಾನವೆಲ್ಲ ದೋಣಿಯಲ್ಲಿ ಮೀನು ಹಿಡಿದವರು. ಹೃದಯದ ಆಪರೇಶನ್ನಿಗೆ ಮುಂಬೈಗೆ ಕರೆಸಿಕೊಳ್ಳಲೆಂದು ಅಲ್ಲಿ ಹೋಟೆಲ್ ನಡೆಸುವ ಮಗ ಮಂಗಳೂರಿಗೆ ಪುಟ್ಟ ವಿಮಾನ ಕಳಿಸಿದ್ದ. ಜೊತೆಗೆ ಹೋಗುವ ಡ್ಯೂಟಿ ನನಗೇ ಸಿಕ್ಕಿತು. ಮೋಡ ಹೊಕ್ಕದ್ದೇ ತಡ, ವಿಮಾನ ಕುಲುಕಾಡಿತು. ಜೀವ ಬಾಯಿಗೆ ಬಂದು ನಾನು ಅಜ್ಜನ ಕೈ ಗಟ್ಟಿಯಾಗಿ ಹಿಡಿದೆ.

"ಹೆದ್ರಬೇಡ ಹೆಣ್ಣೇ. ದೋಣಿ ಇದ್ಕಿಂತ ಜಾಸ್ತಿ ಕುಣಿತ್ತ್," ಎಂದು ಅವರೇ ನನ್ನ ಕೈ ತಟ್ಟಿದರು.

ಪಟ್ಟಿಯಂತೆ ಬರೆದೆ. ಭಯ: ತೀವ್ರ. ಕ್ರಮ: ಕೈ ಹಿಡಿದು ಧೈರ್ಯ ಹೇಳಲಾಯಿತು. ಫಲ: ಚೇತರಿಕೆ. ಒಂದೂ ಸುಳ್ಳಲ್ಲ. ಹೆದರಿದ್ದು ಯಾರು ಎಂದು ಬರೆಯಲು ಜಾಗವಿರಲಿಲ್ಲ, ಅಷ್ಟೆ.

ಮುಂಬೈಯಲ್ಲಿ ದಾಖಲೆ ಓದಿದ ಡಾಕ್ಟರು ನಮ್ಮ ಕಡೆಯವರೇ. "ಅಜ್ಜ, ಅಷ್ಟೊಂದು ಹೆದರಿದ್ರಾ?" ಎಂದು ಕೇಳಿಯೇಬಿಟ್ಟರು. ಅಜ್ಜ ನಿಜ ಹೇಳಿದರೆ ನನ್ನ ವಿಮಾನದ ಡ್ಯೂಟಿ ಅಲ್ಲಿಗೇ ಮುಗಿಯಿತು. ಅವರು ಒಮ್ಮೆ ನನ್ನ ಮುಖ ನೋಡಿದರು.

"ಹೌದ್ ಡಾಕ್ಟ್ರೇ, ಭಾರಿ ಹೆದ್ರಿದ್ದೆ. ಈ ಹೆಣ್ಣ್ ಇದ್ದದ್ದಕ್ಕೆ ಬದ್ಕಿದೆ."

ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅಜ್ಜ ಮಗನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ಮಗಾ, ಇವ್ಳಿಗೆ ವಾಪಾಸ್ ಹೋಪುಕೆ ರೈಲ್ ಟಿಕೆಟ್ ಮಾಡ್ಸ್."