ಮಾವನ ಕ್ಯಾಮೆರಾಕ್ಕೆ ಸಿಗದ ಗುದ್ದು

ನನ್ನ ಸೋದರಮಾವನಷ್ಟು ಪುಕ್ಕಲು ಮನುಷ್ಯ ಚರ್ಚ್‌ಗೇಟಿನಿಂದ ವಿರಾರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ! ಲೋಕಲ್ ರೈಲು ಪೂರ್ತಿ ನಿಂತಿದೆಯೆಂದು ಖಾತ್ರಿಯಾಗದೆ ಇಳಿಯುವವರಲ್ಲ. ಖಾತ್ರಿಯಾಗುವಷ್ಟರಲ್ಲಿ ಗಾಡಿ ಹೊರಟಿರುತ್ತಿತ್ತು. ಬಾಂದ್ರಾಕ್ಕೆಂದು ಹೊರಟವರು ಜೋಗೇಶ್ವರಿ ನೋಡಿಕೊಂಡು ಬರುತ್ತಿದ್ದರು. ಇಂಥವರು ಬಾಕ್ಸಿಂಗ್ ಫೋಟೋಗಳಿಗೆ ಹೆಸರಾದರೆಂದರೆ ನಂಬುತ್ತೀರಾ?

ಸಯನ್‌ನಲ್ಲಿ ಅವರದೊಂದು ಪುಟ್ಟ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ, ಇಷ್ಟೇ ವ್ಯವಹಾರ. ಮದುವೆಯ ಗಿರಾಕಿಯೊಬ್ಬರು ಬಾಕ್ಸಿಂಗ್ ಕ್ಲಬ್ಬಿನ ಕಾರ್ಯದರ್ಶಿಯಾದಾಗ, ರಕ್ತ ಕಂಡರೆ ತಲೆ ತಿರುಗುವ ಮಾವ ದಾಕ್ಷಿಣ್ಯಕ್ಕೆ ಸಿಕ್ಕಿ ಪಂದ್ಯದ ಫೋಟೋ ತೆಗೆಯಲು ಹೋದರು. ಅಭ್ಯಾಸಬಲ ನೋಡಿ, ರಿಂಗಿನಲ್ಲಿದ್ದ ಇಬ್ಬರಿಗೂ "ಥೋಡಾ ಪಾಸ್ ಆಯಿಯೇ, ಇಧರ್ ದೇಖಿಯೇ, ಸ್ಮೈಲ್!" ಎಂದು, ಹತ್ತಿರ ಬಂದು ಇತ್ತ ನೋಡಿ ನಗಲು ಹೇಳಿದರಂತೆ. ಪಾಪ, ಒಬ್ಬ ನಿಜವಾಗಿಯೂ ಇತ್ತ ನೋಡಿದ. ಅವನ ದವಡೆಗೆ ಬಿದ್ದ ಏಟಿಗೆ ಮಾವ ಕಣ್ಣು ಮುಚ್ಚಿಕೊಂಡರು.

ಪಕ್ಕದಲ್ಲಿದ್ದ ಪತ್ರಿಕೆಯ ಫೋಟೋಗ್ರಾಫರ್ ಕನಿಕರಪಟ್ಟು ಗುಟ್ಟು ಹೇಳಿದರು: ಗುದ್ದು ಕಂಡ ಮೇಲೆ ಬಟನ್ ಒತ್ತಿದರೆ ಫೋಟೋ ಹೋಯಿತು, ಮೊದಲೇ ಒತ್ತಬೇಕು. ಅದು ಕೈಗೂಡಲು ವರ್ಷಗಟ್ಟಲೆ ಅಭ್ಯಾಸ ಬೇಕಂತೆ. ಮಾವನಿಗೆ ಅಭ್ಯಾಸವೇಕೆ? ಗುದ್ದಲೆಂದು ಯಾರ ಹೆಗಲು ಅಲುಗಿದರೂ ಅವರ ಜೀವ ಹಾರಿ, ಬೆರಳು ತಾನಾಗಿ ಬಟನ್ ಅದುಮುತ್ತಿತ್ತು. ಗುದ್ದು ಮುಟ್ಟುವ ಹೊತ್ತಿಗೆ ಸರಿಯಾಗಿ ಫ್ಲಾಶ್!

ಆಮೇಲೆ ಹೊಸಬರಿಗೆಲ್ಲ ಅವರದೇ ಉಪದೇಶ. "ಮುಖ ನೋಡ್ಬೇಡ, ಹೆಗಲು ನೋಡು. ಮೊಣಕೈ ಹಗ್ಗದೊಳಗೆ ಇಡ್ಬೇಡ, ತುಳೀತಾರೆ. ಬೆವರು ಹಾರ್ತದೆ, ಲೆನ್ಸ್ ಒರೆಸ್ಲಿಕ್ಕೆ ಬಟ್ಟೆ ಬೇಕು."

"ಮತ್ತೆ?"

"ಮತ್ತೆಂತ? ಚೆನ್ನಾಗಿ ಹೆದರು ಮಾರಾಯಾ!"

ನಾನು ಬಿದ್ದು ಬಿದ್ದು ನಗುತ್ತಿದ್ದೆ. ನಾನು ಕೆಲಸಕ್ಕಿದ್ದ ಜೋಗೇಶ್ವರಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ನನ್ನ ಭುಜ ನೋಡಿ ಬಾಕ್ಸಿಂಗ್ ಪಂದ್ಯಕ್ಕೆ ನನ್ನ ಹೆಸರು ಕೊಟ್ಟ ದಿನ ನಗು ನಿಂತಿತು. ಎದುರಾಳಿ ಹಿಂದಿನ ಪಂದ್ಯದಲ್ಲಿ ಒಬ್ಬನನ್ನು ಆಸ್ಪತ್ರೆಗೆ ಕಳಿಸಿದವನು! ರಿಂಗಿಗೆ ಹತ್ತುವ ಮೊದಲು ಗ್ಲೌಸಿನ ದಾರವನ್ನು ಎರಡು ಸಲ ಬಿಚ್ಚಿ ಕಟ್ಟಿಸಿಕೊಂಡೆ. ಹಗ್ಗದ ಕೆಳಗೆ ಕ್ಯಾಮೆರಾ ಹಿಡಿದ ಮಾವ ನನಗಿಂತ ಹೆಚ್ಚು ಬೆವರುತ್ತಿದ್ದರು.

"ನಿಂಗೆ ಎಂತಾದ್ರೂ ಆದ್ರೆ ಊರಲ್ಲಿ ಅಕ್ಕನಿಗೆ ನಾನೆಂತ ಹೇಳ್ಲಿ?"

ಎರಡನೇ ಸುತ್ತಿನಲ್ಲಿ ಮೂಗಿಗೊಂದು ಏಟು ಬಿದ್ದು ಕಣ್ಣು ಮಂಜಾಯಿತು. ಎದುರಾಳಿಯ ಬಲಗೈ ಎಲ್ಲಿದೆಯೆಂದೇ ತಿಳಿಯಲಿಲ್ಲ. ಇಲ್ಲಿಗೆ ನನ್ನ ಕತೆ ಮುಗಿಯಿತು ಎಂದುಕೊಂಡೆ. ಆಗ ಕೆಳಗಿನಿಂದ ಕಿರುಚಾಟ ಕೇಳಿತು: "ಬಗ್ಗು ಮಗಾ!"

ಬಗ್ಗಿದೆ. ತಲೆಯ ಮೇಲೆ ಗಾಳಿ ಬೀಸಿಹೋಯಿತು. ಆಟದ ನಡುವೆ ಕೂಗಿದ್ದಕ್ಕೆ ರೆಫರಿ ಮಾವನನ್ನು ಹೊರಗೆ ಕಳಿಸಿದರು. ಪಂದ್ಯದಲ್ಲಿ ನಾನು ಸೋತೆ, ಆದರೆ ನನ್ನ ಕಾಲ ಮೇಲೆಯೇ ಇಳಿದು ಬಂದೆ.

ಮಾವ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು.

"ಆ ಗುದ್ದಿನ ಫೋಟೋ ಬಂತಾ ಮಾವ?"

"ಬಟನಿನ ನೆನಪೇ ಆಗ್ಲಿಲ್ಲ ಮಾರಾಯಾ," ಎಂದರು.

ಆಮೇಲೆ, ಯಾರಿಗೂ ಮುಟ್ಟಲು ಬಿಡದ ಆ ಲೆನ್ಸಿನ ಬಟ್ಟೆ ತೆಗೆದು ನನ್ನ ಮೂಗಿನ ರಕ್ತ ಒರೆಸತೊಡಗಿದರು. ಈ ಸಲ ಕಣ್ಣು ಮುಚ್ಚಿಕೊಳ್ಳಲಿಲ್ಲ.