ಮೂರನೇ ಮಹಡಿಯ ಜರೀಗಿಡಕ್ಕೆ ತಾವು ಹೇಳಿದ ಧನ್ಯವಾದವನ್ನು ಹಿಂಪಡೆಯುವ ಕುರಿತು

ಕ್ರುಶೆವಾತ್ಸ್ ಊರಿನ ನಮ್ಮ ಕಟ್ಟಡದ ಮೆಟ್ಟಿಲುಗಳಿಗೂ, ಕೆಟ್ಟು ನಿಂತ ಲಿಫ್ಟಿಗೂ ಏಕೈಕ ಒಡೆಯರಾದ ಸಮಿತಿ ಅಧ್ಯಕ್ಷ ಗ್ವೊಜ್ದೆನ್ ಅವರ ಸನ್ನಿಧಾನಕ್ಕೆ, ಮೂರನೇ ಮಹಡಿಯ ರಾದೊಯ್ಕಾ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬಿದರೂ ಚಿಂತೆ ತಪ್ಪಿಲ್ಲ. ನಿನ್ನೆ ಮೆಟ್ಟಿಲ ಕಿಟಕಿ ತೆರೆದೇ ಇತ್ತು, ಆ ಅಡ್ಡಗಾಳಿ ಕುತ್ತಿಗೆಗೆ ಹೊಡೆದರೆ ಅಧ್ಯಕ್ಷರೆಂದು ನೋಡುವುದಿಲ್ಲ.

ಮಾನ್ಯರೇ, ‘ಹುಳ ಬಿದ್ದ ಗಿಡವನ್ನು ಶುಕ್ರವಾರದೊಳಗೆ ಕಸಕ್ಕೆ ಹಾಕತಕ್ಕದ್ದು’ ಎಂಬ ತಮ್ಮ ಚೀಟಿ ಓದಿದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಬೇರೇನಾದರೂ ಅರ್ಥವಿದ್ದೀತೆಂದು ಮತ್ತೆ ಮತ್ತೆ ಓದಿದೆ, ಇರಲಿಲ್ಲ. ತೀರಿಕೊಂಡ ನನ್ನ ತಂಗಿ ದೆಸಾಂಕಾ ಬಿಟ್ಟುಹೋದದ್ದರಲ್ಲಿ ಉಸಿರಾಡುವುದು ಆ ಜರೀಗಿಡವೊಂದೇ. ಒಳಗಿಟ್ಟರೆ ಹೀಟರಿನ ಬಿಸಿಗೆ ಸುಟ್ಟುಹೋಗುತ್ತದೆ, ಆ ಮೆಟ್ಟಿಲ ಕಿಟಕಿಯ ಬೆಳಕಿನಲ್ಲೇ ಬದುಕಬೇಕು. ಅದು ಬಿಡುವ ದಾರದಂಥ ಎಳೆಗಳನ್ನು ಪುಟ್ಟ ಕುಂಡಗಳ ಮಣ್ಣಿಗೆ ಒತ್ತಿ, ಮೇಲೆ ಜಾಮಿನ ಬಾಟಲಿ ಕವುಚಿ, ಬೇರು ಬಂತೋ ಇಲ್ಲವೋ ಎಂದು ಇಣುಕುವುದೇ ನನ್ನ ಚಳಿಗಾಲ.

ತಾವೋ ದಯೆಯಿಂದ ರಾಕಿಯಾ ಸಾರಾಯಿಯಲ್ಲಿ ಬಟ್ಟೆ ಅದ್ದಿ, ಎಲೆಯಡಿ ಸಾಲಾಗಿದ್ದ ಕಂದು ಚುಕ್ಕಿಗಳನ್ನೆಲ್ಲ ಉಜ್ಜಿ ತೆಗೆದು, “ಅಕ್ಕಾ, ನಿಮ್ಮ ಗಿಡಕ್ಕೆ ಹೇನು ಬಿದ್ದಾವೆ ಕಣ್ರೀ!” ಎಂದು ಕಟ್ಟಡಕ್ಕೆಲ್ಲ ಕೇಳುವಂತೆ ಕೂಗಿದಿರಿ. ಸ್ವಾಮಿ, ಅದು ಹೇನಲ್ಲ, ಗಿಡದ ಬೀಜದ ಪುಡಿ. ನಮ್ಮ ಸಮಿತಿಯ ಸಭೆಯಲ್ಲಿ ಜನವೇ ಅಷ್ಟು ಸಾಲಾಗಿ ಕೂರುವುದಿಲ್ಲ, ಹೇನು ಕೂರುತ್ತದೆಯೇ? ಆ ಬಟ್ಟೆಯ ವಾಸನೆಗೆ ಗಿಡವೇ ಅಮಲೇರಿ ವಾಲಿತು.

ಇದಕ್ಕೆಲ್ಲ ಮೂಲ ತಮ್ಮ ಸಭ್ಯತೆ. ಕಳೆದ ವಸಂತದಲ್ಲಿ ಒಂದು ಮರಿಗಿಡ ಕೊಟ್ಟೆ. ಗಿಡ ಕೊಟ್ಟವರಿಗೆ ಧನ್ಯವಾದ ಹೇಳಿದರೆ ಅದು ಬೇರು ಹಿಡಿಯುವುದಿಲ್ಲ, ಕದ್ದರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ ಎಂದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ತಾವು ಕದಿಯಲೆಂದೇ ಗೋಡೆಗೆ ಮುಖ ಮಾಡಿ ನಿಂತೆ. ತಾವು ಹಿಂದಿನಿಂದ, “ತುಂಬಾ ಧನ್ಯವಾದ ಅಕ್ಕಾ, ದೇವ್ರು ಒಳ್ಳೇದ್ ಮಾಡ್ಲಿ, ಇನ್ನೊಂದ್ಸಲ ಧನ್ಯವಾದ!” ಎಂದಿರಿ. ಕೆಳಮನೆಯ ಸ್ಮಿಲ್ಯಾ ಎದೆಯ ಮೇಲೆ ಶಿಲುಬೆ ಗೀರಿಕೊಂಡು, “ಮುಗೀತು ಬಿಡೇ, ಕೊಂದೇಬಿಟ್ಟ ಪುಣ್ಯಾತ್ಮ!” ಎಂದಳು. ಅದು ಒಣಗಿತು. ತಮ್ಮದು ಸತ್ತ ಮೇಲೆ ನನ್ನದಕ್ಕೆ ರೋಗವಿರಲೇಬೇಕೆಂಬ ತಮ್ಮ ನ್ಯಾಯಕ್ಕೆ ತಲೆಬಾಗುತ್ತೇನೆ.

ಆದ್ದರಿಂದ ಪ್ರಾರ್ಥನೆ: ಹೇಳಿದ ಧನ್ಯವಾದಗಳನ್ನೆಲ್ಲ ಸಮಿತಿಯ ಮೊಹರು ಹಾಕಿ ಹಿಂಪಡೆಯುವುದು, ಒರೆಸಿದ ಚುಕ್ಕಿಗಳನ್ನು ಆಯಾ ಎಲೆಯ ಅಡಿಯಲ್ಲಿ, ಇದ್ದ ಸಾಲಿನಲ್ಲೇ ಮತ್ತೆ ಅಂಟಿಸಿಕೊಡುವುದು, ಆಗದಿದ್ದರೆ ಕಿಟಕಿಯನ್ನಾದರೂ ಮುಚ್ಚುವುದು.

ತಮ್ಮ ಮೇಲೆ ವಿಶ್ವಾಸವಿಟ್ಟೂ ನಿದ್ದೆಗೆಟ್ಟಿರುವ ತಮ್ಮ ವಿಶ್ವಾಸಿ,
ರಾದೊಯ್ಕಾ

ತಾಜಾಕಲಮು: ನಾಳೆ ಶುಕ್ರವಾರ. ತಾವು ಬಂದರೆ ಬರೀ ಮಣ್ಣಿನ ಕುಂಡ ಸಿಗುತ್ತದೆ, ಸಂತೋಷವಾಗಿ ಎಸೆಯಿರಿ. ಇವತ್ತು ಮಧ್ಯಾಹ್ನವೆಲ್ಲ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ದೆಸಾಂಕಾಳ ಗಿಡ ಬೇರುಸಮೇತ ಪಾಲಾಗಿ ಮನೆಮನೆಗೆ ಕಳುವಾಯಿತು. ಆ ಕಿಟಕಿಯ ಗಾಳಿಗೆ ನನ್ನ ಕುತ್ತಿಗೆ ಹಿಡಿದುಕೊಂಡಿದೆ. ಕೊನೆಗೆ ಒಂದು ದನಿ, “ಇನ್ನೊಂಚೂರು ಆಕಡೆ ತಿರುಗೇ, ನಮ್ಮೆಜಮಾನ್ರು ಸಂತೆಯಿಂದ ಬರೋ ಹೊತ್ತಾಯ್ತು!” ಎಂದಿತು. ಆ ಕೊನೆಯ ಪಾಲು ಈಗ ತಮ್ಮ ಬಚ್ಚಲ ಕಿಟಕಿಯಲ್ಲಿ, ಪರದೆಯ ಹಿಂದೆ ಇದೆ. ಕದ್ದದ್ದು, ಚೆನ್ನಾಗಿ ಬರುತ್ತದೆ. ಎಲೆಯಡಿ ಚುಕ್ಕಿ ಕಂಡ ದಿನ ಬಟ್ಟೆ ಎತ್ತಬೇಡಿ, ಸಾರಾಯಿಯನ್ನು ತಾವೇ ಕುಡಿಯಿರಿ. ಮತ್ತು ದಮ್ಮಯ್ಯ, ನನಗೆ ಧನ್ಯವಾದ ಹೇಳಬೇಡಿ.