ಮಾವನ ಎತ್ತು ಬಿಚ್ಚಿದ ಸ್ವಯಂಸೇವಕ

ಸಹಾಯ ಮಾಡುವ ಗುಣವೂ ಒಂದು ಕಾಯಿಲೆ ಎಂಬುದು ನನಗೆ ಇಪ್ಪತ್ತೆರಡನೇ ವಯಸ್ಸಿಗೇ ಖಚಿತವಾಯಿತು. ಮದುವೆಮನೆಯಲ್ಲಿ ಬಡಿಸಲು ನಿಂತರೆ ಮದುಮಗನ ಪಂಚೆಗೇ ಸಾರು. ಸಾವಿನ ಮನೆಗೆ ಸಮಾಧಾನ ಹೇಳಲು ಹೋದರೆ ನಿಂತಿದ್ದ ಅಳು ಮತ್ತೆ ಶುರು. ಇಂಥವನ ಅಂಗಿಗೆ ಎರಡು ವರ್ಷದ ಹಿಂದೆ 'ಸ್ವಯಂಸೇವಕ' ಎಂಬ ಕೆಂಪು ಬ್ಯಾಡ್ಜು ಚುಚ್ಚಿದವರನ್ನು ದೇವರೇ ಕಾಪಾಡಬೇಕಿತ್ತು.

ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಎತ್ತಿನಗಾಡಿ ಓಟ. ಬಾರುಕೋಲು ಮುಟ್ಟುವಂತಿಲ್ಲ. ನಡುವೆ ತೆರಕಣಾಂಬಿಯಲ್ಲಿ ಎತ್ತುಗಳಿಗೆ ಅರ್ಧ ಗಂಟೆ ಕಡ್ಡಾಯ ವಿಶ್ರಾಂತಿ. ಅಲ್ಲಿ ಗಾಡಿ ಹೊಡೆಯುವವನೇ ಎತ್ತು ಬಿಚ್ಚಬೇಕು, ಅವನೇ ನೀರು ಕುಡಿಸಬೇಕು, ಅವನೇ ಕಟ್ಟಬೇಕು. ಬೇರೆಯವರ ಕೈ ನೊಗಕ್ಕೆ ತಗುಲಿದರೆ ಆ ಜೋಡಿ ಸ್ಪರ್ಧೆಯಿಂದ ಹೊರಗೆ. ನಿಯಮ ಗೊತ್ತಿರಲಿಲ್ಲ ಎಂದು ಜಾರಿಕೊಳ್ಳುವಂತೆಯೂ ಇಲ್ಲ. ಬೆಳಗಿನಿಂದ ತೆರಕಣಾಂಬಿಯ ಮೈಕಿನಲ್ಲಿ ಅದನ್ನೇ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದವನು ನಾನೇ.

ಮೊದಲು ಬಂದದ್ದು ಉಡಿಗಾಲದ ನನ್ನ ಸೋದರಮಾವ ಮಾದಪ್ಪನ ಗಾಡಿ. ಹಿಂದೆ ಕಣ್ಣು ಹಾಯುವಷ್ಟು ದೂರ ಇನ್ನೊಂದು ಗಾಡಿಯಿಲ್ಲ. ಮಾವನ ಎತ್ತುಗಳಿಗೆ ವಯಸ್ಸಾಗಿತ್ತು. "ಅವು ಇನ್ನು ಮನೆ ಮುಂದೆ ಮೆಲುಕಾಕಕ್ಕೇ ಸರಿ" ಎಂದು ಊರೆಲ್ಲ ಆಡಿಕೊಂಡಿತ್ತು. ಇದೊಂದು ಸಲ ಗೆದ್ದು ಆ ಬಾಯಿಗಳನ್ನು ಮುಚ್ಚಿಸಿ, ಆಮೇಲೆ ನೊಗ ಇಳಿಸಿಬಿಡುತ್ತೇನೆಂದು ಮಾವ ವರ್ಷವಿಡೀ ತನ್ನ ಊಟಕ್ಕಿಂತ ಮೊದಲು ಅವಕ್ಕೆ ಹುರುಳಿ ಬೇಯಿಸಿದ್ದ.

ನಮ್ಮ ಕಡೆ ನೆಂಟರ ಗಾಡಿ ಬಾಗಿಲಿಗೆ ಬಂದರೆ, ಅವರು ಇಳಿಯುವ ಮೊದಲೇ ಮನೆಯವರು ಓಡಿಹೋಗಿ ಎತ್ತು ಬಿಚ್ಚಬೇಕು. ನೆಂಟನೇ ಬಿಚ್ಚಿಕೊಂಡರೆ ಆ ಮನೆಗೆ ಮರ್ಯಾದೆಯಿಲ್ಲ. ಮಾವನ ಮುಖ ಕಂಡದ್ದೇ ತಡ, ನನಗೆ ಮೈಕು, ಬ್ಯಾಡ್ಜು, ನಿಯಮ ಎಲ್ಲ ಮರೆತುಹೋಯಿತು. "ಬಾ ಮಾವ, ಚೆಂದಾಗಿದ್ದೀಯಾ?" ಎನ್ನುತ್ತಾ ಎರಡೂ ಎತ್ತು ಬಿಚ್ಚಿ, ತೊಟ್ಟಿಗೆ ಹೊಡೆದುಕೊಂಡು ಹೋಗಿ, ಸಾಲದ್ದಕ್ಕೆ ಬೆನ್ನು ಬೇರೆ ಸವರಿದೆ. "ಯೇಯ್, ಬ್ಯಾಡ ಕಣ್ಲಾ!" ಎಂದು ಮಾವ ಗಾಡಿಯಿಂದ ಧುಮುಕುವ ಹೊತ್ತಿಗೆ ಎತ್ತುಗಳ ಮೂತಿ ನೀರಿನಲ್ಲಿತ್ತು.

ಉಸ್ತುವಾರಿಯ ಮೇಷ್ಟರು ಕನ್ನಡಕ ತೆಗೆದು ಒರೆಸಿದರು. "ಏನ್ಲಾ ಮಾಡ್ಬುಟ್ಟೆ? ಬೆಳಗಿಂದ ಬಡ್ಕೊತಿದ್ದೋನು ನೀನೇ ತಾನೇ?"

"ನನ್ ಬ್ಯಾಡ್ಜ್ ಕಿತ್ಕಳಿ ಸಾ, ಮಾವನ್ನ ಬುಟ್ಬುಡಿ" ಎಂದೆ.

"ನಿನ್ ಬ್ಯಾಡ್ಜ್ ಮಡಿಕಂಡು ಉಪ್ಪಿನಕಾಯಿ ಆಕನಾ? ಹಿಂದೆ ಬರೋ ಗಾಡಿಯೋರು ಸುಮ್ಕಿರ್ತಾರಾ?" ಎಂದವರೇ ಎಸ್‌ಟಿಡಿ ಬೂತಿಗೆ ಹೋಗಿ, ಮಾದಪ್ಪ ಸ್ಪರ್ಧೆಯಿಂದ ಹೊರಗೆ ಎಂದು ಗುಂಡ್ಲುಪೇಟೆಗೆ ಫೋನು ಮಾಡಿಯೇಬಿಟ್ಟರು.

ಮಾವ ನನ್ನ ಮೇಲೆ ಕೈ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಅರ್ಧ ಗಂಟೆ ಎತ್ತುಗಳ ಕತ್ತು ಒರೆಸುತ್ತಾ ನಿಂತಿದ್ದು, ತಾನೇ ನೊಗಕ್ಕೆ ಕಟ್ಟಿ, ಗುಂಡ್ಲುಪೇಟೆಯ ದಾರಿಯನ್ನೇ ಹಿಡಿದ. ನಾನು ಜೀಪಿನಲ್ಲಿ ಮುಂದಾಗಿ ಹೋಗಿ ಜನರ ಹಿಂದೆ ಅವಿತುಕೊಂಡೆ. ಎಲ್ಲರಿಗಿಂತ ಮೊದಲು ಬಂದವನು ಅವನೇ. ಹಾರ ಮಾತ್ರ ಆಮೇಲೆ ಬಂದ ಎತ್ತುಗಳ ಕೊರಳಿಗೆ ಬಿತ್ತು.

"ಅಲ್ಲ ಮಾದಪ್ಪಣ್ಣ, ನಿನ್ ಎತ್ತ ಬಿಚ್ಚಿದ ಮುಂಡೇದು ಯಾವ್ದು?" ಎಂದು ಯಾರೋ ಕೇಳಿದರು.

ಮಾವ ಗುಂಪಿನ ನಡುವೆ ನನ್ನನ್ನೇ ನೆಟ್ಟಗೆ ನೋಡಿದ. "ಯಾವನೋ ಕಣಪ್ಪ, ಗುರ್ತಿಲ್ಲ."

ನನ್ನ ಮಾನ ಉಳಿಸಲು ಹಾಗೆಂದನೋ, ಸಂಬಂಧವನ್ನೇ ಕಡಿದುಕೊಂಡನೋ, ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ಉಡಿಗಾಲಕ್ಕೆ ಹೋದಾಗಲೆಲ್ಲ ಅತ್ತೆ ಎಂದಿನಂತೆ ಊಟಕ್ಕೆ ಕರೆಯುತ್ತಾಳೆ. ಮಾವ ಮಾತ್ರ ನನ್ನನ್ನು ಕಂಡ ಕೂಡಲೇ ಎದ್ದುಹೋಗಿ, ಕೊಟ್ಟಿಗೆಗೆ ಚಿಲಕ ಹಾಕಿ ಬಂದು, ಆಮೇಲೆ "ಕೂತ್ಕೊ" ಅನ್ನುತ್ತಾನೆ.